ಹಸೆಗೋಡೆ ಚಿತ್ತಾರ: ಸಂಯೋಜನೆಯ ನೆಲೆ

ರೇಖೆ, ಬಣ್ಣ, ಆಕಾರ ಮತ್ತು ತೆರಪುಗಳನ್ನು ಪರಸ್ಪರ ಸಂಬಂಧದಲ್ಲಿ ಇರಿಸುವ ಕ್ರಮವೇ ಸಂಯೋಜನೆ. ಛಾಯಾಗ್ರಹಣದ ಪಾಠಗಳಲ್ಲಿ ಇದಕ್ಕೆ ಮೊದಲು ಹೇಳಿಕೊಡುವ ಸೂತ್ರವೆಂದರೆ ಮೂರನೆಯ ಒಂದರ ನಿಯಮ. ಚೌಕಟ್ಟನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಮೂರು ಸಮಭಾಗ ಮಾಡಿ, ಮುಖ್ಯ ವಸ್ತುವನ್ನು ನಡುವಿನಿಂದ ಸರಿಸಿ, ಗೆರೆಗಳು ಕೂಡುವೆಡೆ ಇರಿಸಬೇಕೆಂಬುದು ಅದರ ಸಾರ. ಈ ನಿಯಮಕ್ಕೆ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ 1797ರಲ್ಲಿ ಹೆಸರಿತ್ತದ್ದು ಗ್ರಾಮೀಣ ಭೂದೃಶ್ಯವನ್ನು ಕುರಿತ ಕೃತಿಯಲ್ಲಿ. ಭೂದೃಶ್ಯದ ಸಂದರ್ಭದಲ್ಲಿ ರೂಪುಗೊಂಡ ಸೂತ್ರ ಎಲ್ಲ ಚಿತ್ರಗಳಿಗೂ ಅಳತೆಗೋಲಾಗಬಲ್ಲುದೆ ಎಂಬುದು ಇಲ್ಲಿಯ ಪ್ರಶ್ನೆ.

ಸಾಗರ, ಸೊರಬ ಪರಿಸರದ ದೀವರ ಮನೆಗಳ ಹಸೆಗೋಡೆ ಚಿತ್ತಾರವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು ಮತ್ತು ಗುರಿಗೆ ಬೀಜದ ಹಳದಿಯಿಂದ, ಪುಂಡಿನಾರಿನ ಕುಂಚ ಹಿಡಿದು ಹೆಂಗಸರು ಇದನ್ನು ಬರೆಯುತ್ತಾರೆ. ಸಮಾನಾಂತರ ಎಳೆಗಳು ಅಂಚಾಗಿ ಸುತ್ತುವರಿಯುತ್ತವೆ. ಒಳಗೆ ಜ್ಯಾಮಿತೀಯ ವಿನ್ಯಾಸಗಳು ಎಡಬಲಗಳಲ್ಲಿ ಸಮನಾಗಿ ಹರಡುತ್ತವೆ. ಮೇಲಿನ ಸೂತ್ರದಿಂದ ಅಳೆದರೆ ಇದು ನಡುವಿಗೆ ಕಟ್ಟುಬಿದ್ದ, ಬಿಡುವಿಲ್ಲದ ಅಲಂಕಾರವಾಗಿ ಮಾತ್ರ ಕಂಡೀತು.

ಆದರೆ ಚಿತ್ತಾರದ ಸಂಯೋಜನೆ ಗೋಡೆಯಲ್ಲಿಯೇ ಮುಗಿಯುವುದಿಲ್ಲ. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಇದರ ಮುಂದೆ ಹಾಸಿದ ಹಸೆಯ ಮೇಲೆ. ಗೋಡೆಯ ಸಮತೋಲವು ಎರಡು ಜೀವಗಳ ಸಮಸ್ಥಾನಕ್ಕೆ ಹಿನ್ನೆಲೆಯಾಗುತ್ತದೆ. ಅಂಚಿನ ಎಳೆಗಳು ಆ ಜಾಗವನ್ನು ಮನೆಯ ಉಳಿದ ಜಾಗದಿಂದ ಬೇರ್ಪಡಿಸಿ ಮಂಗಳಸ್ಥಾನವಾಗಿಸುತ್ತವೆ. ಮುಖ್ಯ ವಸ್ತುವನ್ನು ಇಲ್ಲಿ ನಡುವಿನಿಂದ ಸರಿಸಿದರೆ ಆಚರಣೆಯ ಅರ್ಥವೇ ಸಡಿಲಗೊಳ್ಳುತ್ತದೆ. ಹಾಗಾಗಿ ಇಲ್ಲಿಯ ಸಮಮಿತಿಯನ್ನು ಕಲ್ಪನೆಯ ಬಡತನವೆಂದು ಭಾವಿಸಲಾಗದು. ಸಂದರ್ಭವೇ ಅದನ್ನು ಬೇಡುತ್ತದೆ.

ಛಾಯಾಚಿತ್ರದ ಹೊಣೆ ತೊಡಕಿನದಾಗುವುದು ಇಲ್ಲಿಯೇ. ವಿನ್ಯಾಸವಷ್ಟೇ ತುಂಬುವಂತೆ ಹತ್ತಿರದಿಂದ ತೆಗೆದ ಚಿತ್ರ ಎಳೆಗಳ ಸೂಕ್ಷ್ಮವನ್ನು ಸ್ಪಷ್ಟವಾಗಿ ತೋರಿಸುತ್ತದೆ. ನಮೂನೆಗಳ ಅಧ್ಯಯನಕ್ಕೆ ಅದು ಅಗತ್ಯವೂ ಹೌದು. ಆದರೆ ಹಸೆ, ನೆಲ, ಗೋಡೆಯ ಎತ್ತರ ಮತ್ತು ಕುಳಿತವರು ಚೌಕಟ್ಟಿನ ಹೊರಗುಳಿದಾಗ ಚಿತ್ತಾರವು ಕೇವಲ ನಮೂನೆಯಾಗಿ ಉಳಿಯುತ್ತದೆ. ಕಾಗದ, ಬಟ್ಟೆಗಳಿಗೆ ಇಳಿದು ಮಾರಾಟವಾಗುವ ಚಿತ್ತಾರದ ಸ್ಥಿತಿಯೂ ಇದೇ. ಅದು ಬರೆಯುವವರಿಗೆ ಆದಾಯವನ್ನೂ ಮನ್ನಣೆಯನ್ನೂ ತರಬಲ್ಲದಾದ್ದರಿಂದ ಹೀಗಳೆಯುವಂತಿಲ್ಲ. ಆದರೆ ಅಲ್ಲಿ ತುಂಬದೆ ಉಳಿಯುವ ಮುಂಭಾಗವನ್ನು ವಿಮರ್ಶೆ ಗುರುತಿಸಬೇಕು.

ಆದುದರಿಂದ ಜನಪದ ಚಿತ್ರದ ದಾಖಲೀಕರಣಕ್ಕೆ ಕನಿಷ್ಠ ಎರಡು ನೋಟಗಳು ಬೇಕು: ಎಳೆಯನ್ನು ತೋರುವ ಸಮೀಪದ ನೋಟ, ಬಳಕೆಯನ್ನು ತೋರುವ ದೂರದ ನೋಟ. ಚೌಕಟ್ಟು ಎಲ್ಲಿ ಮುಗಿಯಬೇಕೆಂಬುದನ್ನು ಕ್ಯಾಮೆರಾಕ್ಕಿಂತ ಮೊದಲು ಆಚರಣೆಯೇ ತೀರ್ಮಾನಿಸಿರುತ್ತದೆ.