ದಾನದ ಲೆಕ್ಕವೂ ಕೊಬ್ಬರಿಯ ಅಟ್ಟವೂ

2013ರ ಕಂಪನಿ ಕಾಯ್ದೆಯ 135ನೆಯ ಕಲಮು, ನಿರ್ದಿಷ್ಟ ಪ್ರಮಾಣದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕೆಂದು ವಿಧಿಸಿದೆ. ಉದ್ದೇಶ ಶ್ಲಾಘ್ಯ. ಆದರೆ ಲಾಭ ಬಂದ ಬಗೆಯನ್ನು ಈ ಕಲಮು ಕೇಳುವುದಿಲ್ಲ. ತನ್ನ ನೌಕರರಿಗಷ್ಟೇ ಅನುಕೂಲವಾಗುವ ವೆಚ್ಚವನ್ನು ನಿಯಮಗಳು ಲೆಕ್ಕಕ್ಕೂ ಹಿಡಿಯುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗುತ್ತದೆ. ಅದನ್ನು ಸುಲಿದು ಚಿಪ್ಪು ಬಿಡಿಸುವುದರಲ್ಲಿ ಕೂಲಿ ಹೆಂಗಸರ ಶ್ರಮವೂ ಸೇರಿದೆ. ಹರಾಜಿನಲ್ಲಿ ಬೆಲೆ ನಿಂತಾಗ ಅವರನ್ನು ನೆನೆಯುವವರಾರು? ತತ್ತ್ವಾರ್ಥಸೂತ್ರವು ಇಲ್ಲಿ ಕಾಯ್ದೆಗಿಂತ ಕಟು. ಅತಿಭಾರ ಹೊರಿಸುವುದು, ಅನ್ನಪಾನ ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳು. ಅಳತೆ ತೂಕದ ಮೋಸ ಅಚೌರ್ಯದ ಅತಿಚಾರ. ಶಾಲೆಗೆ ಕೊಠಡಿ ಕಟ್ಟಿಸಿದ ಮಾತ್ರಕ್ಕೆ ತಕ್ಕಡಿಯ ದೋಷ ಹೋಗದು.

ಪ್ರಾತಿನಿಧ್ಯದ ಮಾತೂ ಹೀಗೆಯೇ. ಅದೇ ಕಾಯ್ದೆಯ 149ನೆಯ ಕಲಮಿನಂತೆ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಆಡಳಿತ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. ಒಂದು ಕುರ್ಚಿ! ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಸಂಖ್ಯೆ ತುಂಬಿಸಲು ಕುಳಿತವಳಲ್ಲ. ಯಾವುದು ದಾನವೆಂದು ನಿಶ್ಚಯಿಸಿದವಳೇ ಆಕೆ.

ಬಸದಿಗಳ ಟ್ರಸ್ಟುಗಳು ಕಂಪನಿಯ ನೆರವು ಪಡೆಯುವ ಮುನ್ನ, ಅಲ್ಲಿ ದುಡಿಯುವವರ ಕೂಲಿಯನ್ನು ವಿಚಾರಿಸಿದರೆ ತಪ್ಪೇನು? ತಮ್ಮ ಸಮಿತಿಯಲ್ಲಿ ಎಷ್ಟು ಮಂದಿ ಶ್ರಾವಿಕೆಯರಿದ್ದಾರೆಂಬುದನ್ನೂ ಅದೇ ದಿನ ಎಣಿಸಬಹುದು.