ಬೆನ್ನ ಮೇಲಿನ ಸ್ಟೆಪ್ನಿ

ಒಂದು ಕೃತಿ ಆರು ಸಲ ಪರಿಷ್ಕಾರಗೊಂಡು ಹೊರಬಂದರೆ, ಅದರ ಪಾಠಗಳನ್ನು ಎದುರೆದುರಿಗಿಟ್ಟು ನೋಡುವುದು ವಿಮರ್ಶಕನ ಕೆಲಸ. ಯಂತ್ರಕ್ಕೂ ಈ ಮರ್ಯಾದೆ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಹೊಸ ಮೋಟಾರಿನ ವಿಚಾರ ಬರೆಯುವವರು ಸಾಮಾನ್ಯವಾಗಿ ಅದರ ಅಶ್ವಶಕ್ತಿಯನ್ನೂ ಮೈಲೇಜನ್ನೂ ಬೆಲೆಯನ್ನೂ ಹೇಳಿ ಮುಗಿಸುತ್ತಾರೆ. ಹಿಂದಿನ ಪಾಠದಲ್ಲಿದ್ದುದು ಹೊಸ ಪಾಠದಲ್ಲಿ ಏಕಿಲ್ಲ ಎಂದು ಕೇಳುವವರು ವಿರಳ. ಜಪಾನಿನ ಹೋಂಡಾ ಕಂಪೆನಿಯ ಸಿ.ಆರ್.ವಿ. ಇಂಥ ಪರಿಶೀಲನೆಗೆ ತಕ್ಕ ಗಾಡಿ. 1995ರಲ್ಲಿ ಹುಟ್ಟಿ, 2001, 2006, 2011, 2016, 2022ರಲ್ಲಿ ಹೊಸರೂಪ ತಾಳಿದ ಆರು ತಲೆಮಾರು ಅದರದು. ಅದರ ಚರಿತ್ರೆಯನ್ನು ಓದಬೇಕಾದವರು ಮುಂಭಾಗವನ್ನು ಬಿಟ್ಟು ಬೆನ್ನಿನ ಕಡೆಗೆ ಬರಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ಹೋಂಡಾಕ್ಕೆ ಸ್ವಂತದ್ದೆನ್ನಬಹುದಾದ ಜೀಪು ಜಾತಿಯ ಗಾಡಿ ಇರಲಿಲ್ಲ. ಅಮೆರಿಕದಲ್ಲಿ ಇಸುಜುವಿನ ಗಾಡಿಯನ್ನು ‘ಪಾಸ್‌ಪೋರ್ಟ್’ ಎಂದೂ, ಜಪಾನಿನಲ್ಲಿ ಲ್ಯಾಂಡ್‌ರೋವರ್ ಡಿಸ್ಕವರಿಯನ್ನು ‘ಕ್ರಾಸ್‌ರೋಡ್’ ಎಂದೂ ತನ್ನ ಮುದ್ರೆಯೊತ್ತಿ ಮಾರುತ್ತಿತ್ತು. ಎರವಲು ಒಡವೆಯ ಸೊಗಸು ಎಷ್ಟು ದಿನ! 1994ರಲ್ಲಿ ಟೊಯೊಟಾದ ರಾವ್4 ಬಂದು, ಕಾರಿನ ತಳಹದಿಯ ಮೇಲೆ ಜೀಪಿನ ವೇಷ ಕಟ್ಟಬಹುದೆಂದು ತೋರಿಸಿತು. ಮರುವರ್ಷ ಹೋಂಡಾ ತನ್ನ ಸಿವಿಕ್ ಕಾರಿನ ಅಂಗಾಂಗಗಳನ್ನೇ ಬಳಸಿಕೊಂಡು ಸಿ.ಆರ್.ವಿ.ಯನ್ನು ತಂದಿತು. ‘ಕಂಫರ್ಟಬಲ್ ರನ್‌ಅಬೌಟ್ ವೆಹಿಕಲ್’ ಎಂಬುದು ಆ ಮೂರಕ್ಷರಗಳ ವಿಸ್ತಾರ. ಹಾಯಾಗಿ ತಿರುಗಾಡುವ ಗಾಡಿ ಎಂದರ್ಥ. ಕಾಡನ್ನಾಗಲಿ ಬೆಟ್ಟವನ್ನಾಗಲಿ ಆ ಹೆಸರು ವಾಗ್ದಾನ ಮಾಡಲಿಲ್ಲ ಎಂಬುದನ್ನು ಗಮನಿಸಬೇಕು.

ವಾಗ್ದಾನ ಮಾಡಿದ್ದು ಬೆನ್ನು. ಮೊದಲ ಸಿ.ಆರ್.ವಿ.ಯ ಹಿಂಬಾಗಿಲ ಮೇಲೆ ಸ್ಟೆಪ್ನಿ ಚಕ್ರ ನೇತಾಡುತ್ತಿತ್ತು. ಅದರ ಭಾರ ಹೊತ್ತ ಬಾಗಿಲು ಮನೆಯ ಕದದಂತೆ ಪಕ್ಕಕ್ಕೆ ತೆರೆಯುತ್ತಿತ್ತು. ಅದಕ್ಕೂ ಮೊದಲು ಮೇಲಿನ ಗಾಜನ್ನು ಎತ್ತಬೇಕು. ಅಂಗಡಿಯಿಂದ ಎರಡು ಚೀಲ ಹೊತ್ತು ಬಂದ ಗೃಹಿಣಿಗೆ ಇದು ಎಷ್ಟು ಅನುಕೂಲವೋ ಅವರೇ ಹೇಳಬೇಕು. ಹಿಂದೆ ಇನ್ನೊಂದು ಕಾರು ಒತ್ತಿ ನಿಂತಿದ್ದರಂತೂ ಬಾಗಿಲ ಮಾತೇ ಬೇಡ. ಆದರೂ ಈ ಬೆನ್ನಿನೊಳಗೆ ಒಂದು ಚೆಲುವಾದ ಕಲ್ಪನೆ ಅಡಗಿತ್ತು. ಡಿಕ್ಕಿಯ ನೆಲದ ಹಲಗೆಯನ್ನು ಎತ್ತಿ ಹೊರಗೆ ತೆಗೆದರೆ ಅದಕ್ಕೆ ಕಾಲುಗಳಿದ್ದವು. ಬಿಡಿಸಿ ನಿಲ್ಲಿಸಿದರೆ ಅದೇ ಊಟದ ಮೇಜು. ನೆಲವಾಗಿದ್ದಾಗಲೂ ಉಪಯೋಗ, ಮೇಜಾದಾಗಲೂ ಉಪಯೋಗ. ನಮ್ಮ ಅಲಂಕಾರಶಾಸ್ತ್ರದವರು ಔಚಿತ್ಯವೆಂದರಲ್ಲ, ಅದಕ್ಕೆ ಮೋಟಾರು ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಬೆನ್ನ ಮೇಲಿನ ಚಕ್ರ ಹೊರಗಿನಿಂದ ಅಂಟಿಸಿದ ಅಲಂಕಾರ. ಒಳಗಿನ ಮೇಜು ವಸ್ತುವಿನೊಡನೆ ಬೆರೆತ ಅಲಂಕಾರ. ಎರಡೂ ಒಂದೇ ಗಾಡಿಯಲ್ಲಿದ್ದವೆಂಬುದೇ ಸ್ವಾರಸ್ಯ.

ಚಕ್ರಗಳ ವಿಚಾರದಲ್ಲಿಯೂ ಇಂಥದೇ ಚಾತುರ್ಯವಿತ್ತು. ಸಾಮಾನ್ಯ ರಸ್ತೆಯಲ್ಲಿ ಮುಂಚಕ್ರಗಳು ಮಾತ್ರ ಗಾಡಿಯನ್ನು ಎಳೆಯುತ್ತವೆ. ಮುಂದೆ ಒಂದು, ಹಿಂದೆ ಒಂದು ಹೀಗೆ ಎರಡು ಎಣ್ಣೆಯ ಪಂಪುಗಳು ಚಕ್ರಗಳ ಜೊತೆಗೆ ತಿರುಗುತ್ತಿರುತ್ತವೆ. ಮುಂಚಕ್ರ ಕೆಸರಿನಲ್ಲಿ ಜಾರಿ ವ್ಯರ್ಥ ಸುತ್ತತೊಡಗಿದಾಗ ಇವೆರಡರ ವೇಗದಲ್ಲಿ ವ್ಯತ್ಯಾಸವಾಗಿ, ಎಣ್ಣೆಯ ಒತ್ತಡ ಏರಿ, ಕ್ಲಚ್ಚು ಕೂಡಿಕೊಂಡು ಹಿಂಚಕ್ರಕ್ಕೂ ಬಲ ಮುಟ್ಟುತ್ತದೆ. ಇದು ಮಳೆಗಾಲದ ಮಣ್ಣುರಸ್ತೆಗೆ, ಹಿಮ ಬಿದ್ದ ಬೀದಿಗೆ ಸಾಕು. ಬೆಟ್ಟ ಹತ್ತುವ ಜೀಪಿಗೆ ಸಾಲದು. ಗಾಡಿಯ ಹೊಟ್ಟೆ ನಗರದ್ದೇ ಎಂಬುದು ಆಗಲೇ ಸ್ಪಷ್ಟವಾಗಿತ್ತು.

2001ರ ಪಾಠ ಎಚ್ಚರಿಕೆಯದು. ಚಕ್ರವೂ ಉಳಿಯಿತು, ಮೇಜೂ ಉಳಿಯಿತು. ನಿಜವಾದ ತಿದ್ದುಪಡಿ 2006ರದು. ಸ್ಟೆಪ್ನಿ ಬೆನ್ನಿನಿಂದ ಇಳಿದು ನೆಲದಡಿಗೆ ಹೋಯಿತು, ಬಾಗಿಲು ಮೇಲಕ್ಕೆ ಎತ್ತುವಂಥದಾಯಿತು, ಮೇಜು ಮಾಯವಾಯಿತು. ಹಳೆಯದನ್ನು ಮೆಚ್ಚಿದವರು ಇದನ್ನು ಪತನವೆನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುತ್ತೇನೆ. ಚಕ್ರವನ್ನು ಇಳಿಸಿದ್ದು ಒಳ್ಳೆಯ ಸಂಪಾದಕನ ಕೆಲಸ. ಕಾಡಿಗೆ ಹೋಗದವನ ಬೆನ್ನಿಗೆ ಬತ್ತಳಿಕೆ ಏಕೆ? ಆದರೆ ಅದೇ ಕತ್ತರಿ ಮೇಜನ್ನೂ ಕತ್ತರಿಸಿತು. ವೇಷವನ್ನು ಕಳಚುವ ಭರದಲ್ಲಿ ಗಾಡಿ ತನ್ನ ನಗುವನ್ನೂ ಕಳೆದುಕೊಂಡಿತು.

ಆಮೇಲಿನ ಮೂರು ಪಾಠಗಳಲ್ಲಿ ಗುಣವಿದೆ, ಸ್ವಭಾವ ಕಡಮೆ. 2016ರದರಲ್ಲಿ ಒಂದೂವರೆ ಲೀಟರಿನ ಟರ್ಬೊ ಎಂಜಿನ್ ಬಂತು. ಕೆಲವು ದೇಶಗಳಲ್ಲಿ ಏಳು ಜನ ಕೂರುವಂತಾಯಿತು. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಣ ಅಂತರ ಮೊದಲ ನಾಲ್ಕು ತಲೆಮಾರುಗಳಲ್ಲಿ ಸುಮಾರು 2,620 ಮಿಲಿಮೀಟರಿನಲ್ಲೇ ನಿಂತಿದ್ದುದು, ಐದನೆಯದರಲ್ಲಿ 2,660ಕ್ಕೂ ಆರನೆಯದರಲ್ಲಿ 2,700ಕ್ಕೂ ಹೋಯಿತು. ಅಗಲ ಮೊದಲು 1,750. ಈಗ 1,865ರ ಆಸುಪಾಸು. ಎತ್ತರ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಮಧ್ಯವಯಸ್ಸಿನಲ್ಲಿ ನಮಗೆಲ್ಲ ಆಗುವಂತೆ ಅಗಲದಲ್ಲಿಯೇ ಬೆಳವಣಿಗೆ! ಆದರೂ ‘ಕಂಪ್ಯಾಕ್ಟ್’ ಎಂಬ ವಿಶೇಷಣವನ್ನು ಮಾರಾಟಗಾರರು ಬಿಟ್ಟಿಲ್ಲ. ಭಾಷೆಯ ಮೇಷ್ಟರಾದವರಿಗೆ ಇದು ಎಂಜಿನ್ನಿಗಿಂತ ಹೆಚ್ಚು ನೋವಿನ ವಿಷಯ.

ನಮ್ಮ ದೇಶಕ್ಕೆ ಈ ಗಾಡಿ 2003ರಲ್ಲಿ, ಎರಡನೆಯ ಪಾಠದಲ್ಲಿ, ಬೆನ್ನ ಮೇಲೆ ಚಕ್ರ ಹೊತ್ತುಕೊಂಡೇ ಬಂತು. 2018ರಲ್ಲಿ ಡೀಸೆಲ್ ಎಂಜಿನ್ನನ್ನೂ ಪಡೆದು, 2020ರಲ್ಲಿ ಇಲ್ಲಿನ ಮಾರುಕಟ್ಟೆಯಿಂದ ನಿರ್ಗಮಿಸಿತು. ಹೋಂಡಾ ಇಳಿಸಿದ ಭಾರವನ್ನು ಹೊರಲು ಇಲ್ಲಿ ಬೇರೆಯವರು ಸಿದ್ಧರಿದ್ದರು: 2013ರಲ್ಲಿ ಬಂದ ಫೋರ್ಡ್ ಇಕೋಸ್ಪೋರ್ಟ್ ಚಕ್ರವನ್ನು ಹಿಂಬಾಗಿಲಿಗೆ ತಗುಲಿಸಿಕೊಂಡು, ಅದನ್ನೇ ಠೀವಿಯ ಗುರುತಾಗಿ ಮೆರೆಸಿತು. ಕೊಂಡವರಲ್ಲಿ ಬಹುಮಂದಿ ಆ ಗಾಡಿಯನ್ನು ಆಫೀಸಿಗೂ ಮಕ್ಕಳ ಶಾಲೆಗೂ ಒಯ್ದರು.

ಸ್ಟೆಪ್ನಿಯ ಕಥೆ ಇಷ್ಟಕ್ಕೇ ನಿಲ್ಲಲಿಲ್ಲ. ಪೆಟ್ರೋಲಿನ ಜೊತೆಗೆ ವಿದ್ಯುತ್ತಿನಿಂದಲೂ ಓಡುವ ಸಿ.ಆರ್.ವಿ.ಗಳಲ್ಲಿ ಬ್ಯಾಟರಿಗೆ ಜಾಗ ಬೇಕಾಗಿ, ಅಮೆರಿಕದಲ್ಲಿ ಮಾರುವವುಗಳಿಗೆ ಹೆಚ್ಚುವರಿ ಚಕ್ರವನ್ನೇ ಕೊಡುವುದಿಲ್ಲ. ಪಂಕ್ಚರಾದರೆ ಅಂಟು ತುಂಬಿ ಗಾಳಿ ಹೊಡೆಯುವ ಒಂದು ಪೆಟ್ಟಿಗೆಯಷ್ಟೇ. ಬೆನ್ನಿನಿಂದ ಹೊಟ್ಟೆಯಡಿಗೆ, ಹೊಟ್ಟೆಯಡಿಯಿಂದ ಶೂನ್ಯಕ್ಕೆ. ಹಳೆಯ ಸಿ.ಆರ್.ವಿ. ಕೊಳ್ಳುವ ಮನಸ್ಸಿರುವವರು ಎಂಜಿನ್ನನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿ, ತಾವು ಡಿಕ್ಕಿಯ ಹಲಗೆಯನ್ನೆತ್ತಿ ಅದರ ನಾಲ್ಕು ಕಾಲೂ ನೆಟ್ಟಗಿವೆಯೇ ಎಂದು ನೋಡಿಕೊಳ್ಳಬೇಕು.