ಮೊದಲು ಸಂಬಳ ನೋಡಿ

ಕಳೆದ ತಿಂಗಳು ನಮ್ಮ ಓದುಗರ ಬಳಗದಲ್ಲಿ ‘ರೆಬೆಕ್ಕಾ’ ಇಟ್ಟುಕೊಂಡಿದ್ದೆವು. ಹನ್ನೊಂದು ಜನ ಬಂದಿದ್ದರು. ಏಳು ಜನ ಸಿನಿಮಾ ನೋಡಿ ಬಂದವರು, ಇಬ್ಬರು ಅದನ್ನೂ ನೋಡದೆ ಮೊಬೈಲಿನಲ್ಲಿ ಕಥಾಸಾರ ಓದಿಕೊಂಡು ಬಂದವರು. ‘ಗಂಡನೇ ಕೊಂದಿದ್ದಲ್ವಾ ಮೇಡಂ?’, ‘ಇಲ್ಲ, ಅವಳೇ ಬಿದ್ದು ಸತ್ತಿದ್ದು’ ಅಂತ ಅರ್ಧ ಗಂಟೆ ಜಗಳ. ಇಬ್ಬರದೂ ಸರಿ. 1938ರ ಕಾದಂಬರಿಯಲ್ಲಿ ಮ್ಯಾಕ್ಸಿಮ್ ತನ್ನ ಮೊದಲ ಹೆಂಡತಿ ರೆಬೆಕ್ಕಾಗೆ ಗುಂಡು ಹೊಡೆಯುತ್ತಾನೆ. ಕೊಂದವನು ಶಿಕ್ಷೆಯಿಲ್ಲದೆ ಪಾರಾಗುವುದನ್ನು ಹಾಲಿವುಡ್ಡಿನ ಅಂದಿನ ಕಟ್ಟಳೆ ಒಪ್ಪುತ್ತಿರಲಿಲ್ಲವಾದ್ದರಿಂದ 1940ರ ಹಿಚ್‌ಕಾಕ್ ಸಿನಿಮಾದಲ್ಲಿ ಅವಳೇ ಬಿದ್ದು ಸಾಯುತ್ತಾಳೆ. ಅದಿರಲಿ. ಕಥೆ ಹೇಳುವ ಹುಡುಗಿಗೆ, ಅಂದರೆ ಅವನ ಎರಡನೆಯ ಹೆಂಡತಿಗೆ, ಮದುವೆಗೆ ಮುಂಚೆ ಸಂಬಳ ಎಷ್ಟಿತ್ತು ಅಂತ ನಾನು ಕೇಳಿದೆ. ಒಬ್ಬರೂ ತುಟಿ ಬಿಚ್ಚಲಿಲ್ಲ.

ವರ್ಷಕ್ಕೆ 90 ಪೌಂಡು. ಬಾಯಿಬಡುಕಿ ಶ್ರೀಮಂತೆಯೊಬ್ಬಳ ಹಿಂದೆ ಚೀಲ ಹಿಡಿದು ತಿರುಗುವುದಕ್ಕೆ. ಇದು ನೆನಪಿಲ್ಲದವರು ಮ್ಯಾಕ್ಸಿಮ್‌ನ ಮ್ಯಾಂಡರ್ಲಿ ಬಂಗಲೆಯೊಳಗೆ ಕಾಲಿಡಬಾರದು. ಹೊಸ ಯಜಮಾನಿ ಅಲ್ಲೊಂದು ಪಿಂಗಾಣಿ ಗೊಂಬೆ ಒಡೆಯುತ್ತಾಳೆ. ತನ್ನದೇ ಮನೆ, ತನ್ನದೇ ಗೊಂಬೆ. ಆದರೂ ಚೂರುಗಳನ್ನು ಆಯ್ದು ಡ್ರಾಯರಿನ ಹಿಂದೆ ಬಚ್ಚಿಡುತ್ತಾಳೆ. ಕಳವಿನ ಅನುಮಾನ ಆಳೊಬ್ಬನ ಮೇಲೆ ಬಂದಾಗ ವಿಷಯ ಹೊರಬೀಳುತ್ತದೆ. ನೀನು ಮನೆಯೊಡತಿಯ ಹಾಗಲ್ಲ, ಕೆಲಸದ ಹುಡುಗಿಯ ಹಾಗೆ ಮಾಡಿದೆ ಎಂದು ಗಂಡ ಆಡಿಯೂ ಬಿಡುತ್ತಾನೆ. ನಿಮ್ಮ ಮೈ ಜುಂ ಅನ್ನಬೇಕಾದದ್ದು ಅಲ್ಲಿ. ನೀವೋ, ಹೆಣ ಯಾವಾಗ ಸಿಗುತ್ತೆ ಅಂತ ಪುಟ ಮಗುಚುತ್ತಿರುತ್ತೀರಿ.

ಈ ಕಣ್ಣು ನನಗೆ ಹುಟ್ಟಿನಿಂದ ಬಂದದ್ದಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ದೊಡ್ಡ ಮನೆಯೊಂದಕ್ಕೆ ಮನೆಪಾಠಕ್ಕೆ ಹೋಗುತ್ತಿದ್ದೆ. ತಿಂಗಳಿಗೆ 60 ರೂಪಾಯಿ. ನಡುಮನೆಗೆ ಕರೆಯುತ್ತಿರಲಿಲ್ಲ, ಹಿತ್ತಿಲಲ್ಲೂ ಕೂರಿಸುತ್ತಿರಲಿಲ್ಲ. ಜಗಲಿಯ ತುದಿಯಲ್ಲೊಂದು ಬೆತ್ತದ ಕುರ್ಚಿ, ನನಗೆಂದೇ ತೆಗೆದಿಟ್ಟ, ಅಂಚು ನೆಗ್ಗಿದ ಒಂದು ಲೋಟ. ಮಹಡಿಯಲ್ಲಿ ಸದಾ ಬೀಗ ಹಾಕಿದ ಕೋಣೆಯೊಂದಿತ್ತು. ಆಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ‘ಜೇನ್ ಐರ್’ ಓದುತ್ತಿದ್ದೆ, ಆ ಬೀಗದ ಮೇಲೆ ಕಣ್ಣಿಟ್ಟಿದ್ದೆ. ಒಂದು ದಿನ ಬಾಗಿಲು ತೆರೆದಿತ್ತು. ಒಳಗೆ ಕೊಬ್ಬರಿ ಮೂಟೆ. ಅದೇ ವಾರ ‘ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ ಮಿಸ್’ ಎಂದರು. ಮುಂದಿನ ತಿಂಗಳೂ ಅದನ್ನೇ ಹೇಳಿದರು. ಅಡುಗೆಯಾಕೆ ಮತ್ತು ಕಸಮುಸುರೆಯವಳು ಏನೋ ಪಿಸುಗುಟ್ಟುತ್ತಿದ್ದವರು ನನ್ನನ್ನು ಕಂಡು ತಟ್ಟನೆ ಸುಮ್ಮನಾದರು. ಮನೆಗೆ ಬಂದು ಜೇನ್ ಐರ್‌ನ ಹದಿನೇಳನೇ ಅಧ್ಯಾಯ ಇನ್ನೊಮ್ಮೆ ತೆಗೆದೆ.

ಅಲ್ಲಿ ಏನಿದೆ ಗೊತ್ತೆ? ಥಾರ್ನ್‌ಫೀಲ್ಡ್ ಬಂಗಲೆಗೆ ನೆಂಟರು ಬರುವ ಗಡಿಬಿಡಿ. ಕೆಲಸದ ಲೀಯಾ, ದಿನಗೂಲಿಗೆ ಬಂದ ಇನ್ನೊಬ್ಬ ಹೆಂಗಸು ಮಾತಾಡುತ್ತಿದ್ದಾರೆ. ಮಹಡಿಯಲ್ಲಿ ಹೊಲಿಗೆ ಹಾಕುತ್ತ, ಆಗಾಗ ಕುಡಿಯುತ್ತ ಕೂರುವ ಗ್ರೇಸ್ ಪೂಲ್‌ಗೆ ಬರುವ ಸಂಬಳದ ಐದನೇ ಒಂದು ಪಾಲೂ ತನಗೆ ಬರುವುದಿಲ್ಲ ಎನ್ನುತ್ತಾಳೆ ಲೀಯಾ. ಪೂಲ್ ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ದುಡ್ಡು ಕಟ್ಟಿ ಬರುತ್ತಾಳಂತೆ. ಅಷ್ಟರಲ್ಲಿ ಆ ಮನೆಯ ಪಾಠದ ಹುಡುಗಿ ಜೇನ್ ಕಣ್ಣಿಗೆ ಬೀಳುತ್ತಾಳೆ. ಲೀಯಾ ಮೊಣಕೈಯಲ್ಲಿ ತಿವಿಯುತ್ತಾಳೆ, ಮಾತು ನಿಲ್ಲುತ್ತದೆ.

ಇಡೀ ಕಾದಂಬರಿಯ ಗುಟ್ಟು ಆ ಒಂದು ಲೆಕ್ಕದಲ್ಲಿದೆ! ಹೊಲಿಗೆಯವಳಿಗೆ ಐದು ಪಟ್ಟು ಸಂಬಳ ಯಾರು ಕೊಡುತ್ತಾರೆ? ಮಹಡಿಯಲ್ಲಿ ಕೂಡಿಹಾಕಿದ ಹುಚ್ಚಿಯನ್ನು ಕಾಯುವುದಕ್ಕೆ ಕೊಡುವ ಸಂಬಳ ಅದು. ಮಧ್ಯರಾತ್ರಿಯ ಅಟ್ಟಹಾಸ, ಉರಿಯುವ ಮಂಚ, ಹರಿದ ಮದುವೆ ಮುಸುಕು ಎಲ್ಲ ಗದ್ದಲ. ಷಾರ್ಲೆಟ್ ಬ್ರಾಂಟೆ 1847ರಲ್ಲೇ ಸುಳಿವನ್ನು ಪಗಾರದ ಪುಸ್ತಕದಲ್ಲಿಟ್ಟು ನಿಮ್ಮ ಮುಂದೆ ತೆರೆದಿದ್ದಾಳೆ. ನೀವು ದಾಟಿಕೊಂಡು ಹೋಗಿದ್ದೀರಿ.

ಪ್ರೇಮವೂ ಅಲ್ಲೇ ಇದೆ. ಜೇನ್‌ಗೆ ವರ್ಷಕ್ಕೆ 30 ಪೌಂಡು. ಊರಿಗೆ ಹೊರಟಾಗ ಅವಳ ಹತ್ತಿರ ಇರುವುದು ಐದು ಶಿಲಿಂಗ್. ಬಂಗಲೆಯ ಯಜಮಾನ ರೋಚೆಸ್ಟರ್ 50ರ ನೋಟು ಚಾಚುತ್ತಾನೆ. ಬರಬೇಕಾದದ್ದು 15 ಮಾತ್ರ, ನನ್ನ ಹತ್ತಿರ ಚಿಲ್ಲರೆಯಿಲ್ಲ ಎನ್ನುತ್ತಾಳೆ. 50 ಕೈಯಲ್ಲಿದ್ದರೆ ವಾಪಸ್ಸು ಬರುತ್ತಾಳೋ ಇಲ್ಲವೋ ಎಂದು ಹೆದರಿ ಅವನು 10 ಕೊಡುತ್ತಾನೆ. ಹಾಗಾದರೆ 5 ಬಾಕಿ ಎಂದು ಇವಳು. ಅದನ್ನು ತೆಗೆದುಕೊಳ್ಳಲು ವಾಪಸ್ಸು ಬಾ ಎಂದು ಅವನು. ಆಮೇಲೆ 9 ಪೌಂಡು ಹಿಂದಕ್ಕೆ ಕೇಳುತ್ತಾನೆ. ಇವಳು ಹಣದ ಚೀಲವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತಾಳೆ. ಹೂವಿಲ್ಲ, ಹಾಡಿಲ್ಲ, ಮಳೆಯಿಲ್ಲ, ಬರೀ ಬಾಕಿ ಲೆಕ್ಕ. ಇಂಗ್ಲಿಷಿನಲ್ಲಿ ಇದಕ್ಕಿಂತ ಸೊಗಸಾದ ಸರಸ ನಾನು ಓದಿಲ್ಲ.

ಬಂಗಲೆ, ಬೀಗ, ಗುಟ್ಟಿನ ಇಂಥ ಉಳಿದ ಕಾದಂಬರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಆನ್ ರ‍್ಯಾಡ್‌ಕ್ಲಿಫ್‌ಳ ‘ಯುಡಾಲ್ಫೋ’ (1794) ಓದುವವರು ಕಪ್ಪು ಪರದೆಗೆ ಮರುಳಾಗಬೇಡಿ. ನಾಯಕಿ ಎಮಿಲಿ ಪರದೆ ಸರಿಸಿ ಮೂರ್ಛೆ ಹೋಗುತ್ತಾಳೆ. ಅಲ್ಲಿದ್ದದ್ದು ಮೇಣದ ಬೊಂಬೆ ಅಂತ ತಿಳಿಯಲು ಹೆಚ್ಚುಕಡಿಮೆ ಕೊನೆಯವರೆಗೆ ಕಾಯಬೇಕು. ಕೋಟೆಯೊಡೆಯ ಮೊಂಟೋನಿ ಬೊಂಬೆ ತೋರಿಸಲು ಅವಳನ್ನು ಕೂಡಿಹಾಕಿಲ್ಲ, ಆಸ್ತಿಪತ್ರಕ್ಕೆ ರುಜು ಬೇಕಾಗಿದೆ. ವಿಲ್ಕಿ ಕಾಲಿನ್ಸ್‌ನ ‘ದಿ ವುಮನ್ ಇನ್ ವೈಟ್’ನಲ್ಲಿ ಬಿಳಿ ಸೀರೆ ಮೋಹಿನಿಯನ್ನು ಹುಡುಕುವವರಿಗೆ ನನ್ನ ನಮಸ್ಕಾರ. ಲಾರಾಳ 20,000 ಪೌಂಡಿಗಾಗಿ ಗಂಡ ಅವಳದೇ ಹೋಲಿಕೆಯ ಇನ್ನೊಬ್ಬಳ ಹೆಸರಿನಲ್ಲಿ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾನೆ. ಹೆಂಡತಿಯ ಸೊತ್ತು ಹೆಂಡತಿಯದೇ ಎಂಬ ಕಾಯ್ದೆ ಇಂಗ್ಲೆಂಡಿನಲ್ಲಿ ಪೂರ್ತಿಯಾಗಿ ಬಂದದ್ದು 1882ರಲ್ಲಿ. ಸ್ತ್ರೀಧನ ಎಂಬ ಮಾತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಜೇನ್ ಆಸ್ಟಿನ್ ಮಾತ್ರ ಎಲ್ಲರಿಗಿಂತ ಚಾಣಾಕ್ಷೆ. ‘ನಾರ್ಥ್ಯಾಂಗರ್ ಆಬಿ’ಯ ಕ್ಯಾಥರೀನ್ ಬಿರುಗಾಳಿಯ ರಾತ್ರಿ ಕಪ್ಪು ಬೀರುವಿನಿಂದ ಕಾಗದದ ಸುರುಳಿ ತೆಗೆಯುತ್ತಾಳೆ. ಬೆಳಗ್ಗೆ ನೋಡಿದರೆ ದೋಬಿ ಲೆಕ್ಕ. ಎಲ್ಲರೂ ಇಲ್ಲಿಗೇ ನಕ್ಕು ಮುಗಿಸುತ್ತಾರೆ. ಮುಂದೆ ಓದಿ. ಕ್ಯಾಥರೀನ್ ಶಂಕಿಸಿದಂತೆ ಮನೆಯೊಡೆಯ ಜನರಲ್ ಕೊಲೆಗಾರನೇನಲ್ಲ. ಹುಡುಗಿ ತಾನು ಅಂದುಕೊಂಡಷ್ಟು ಶ್ರೀಮಂತಳಲ್ಲ ಎಂದು ತಿಳಿದೊಡನೆ ಜೊತೆಗೆ ಆಳನ್ನೂ ಕೊಡದೆ ಮನೆಯಿಂದ ಹೊರಗೆ ಹಾಕುತ್ತಾನೆ, ಅಷ್ಟೆ.

1960ರಲ್ಲಿ ವಿಕ್ಟೋರಿಯಾ ಹೋಲ್ಟ್‌ಳ ‘ಮಿಸ್ಟ್ರೆಸ್ ಆಫ್ ಮೆಲ್ಲಿನ್’ ಬಂದ ಮೇಲೆ ಇಂಥ ಪೇಪರ್‌ಬ್ಯಾಕುಗಳಿಗೆ ಲಗಾಮಿರಲಿಲ್ಲ. ಹೊದಿಕೆಯ ಮೇಲೆ ನೈಟಿ ತೊಟ್ಟು ಓಡುವ ಹುಡುಗಿ, ಹಿಂದೆ ಕತ್ತಲ ಬಂಗಲೆ, ಅದರಲ್ಲೊಂದೇ ಕಿಟಕಿಗೆ ದೀಪ. ಹೋಲ್ಟ್ ಓದಿ, ತಪ್ಪಿಲ್ಲ. ಅವಳನ್ನು ನಕಲು ಮಾಡಿದವರನ್ನು ರದ್ದಿಗೆ ಹಾಕಿ.

ಕನ್ನಡದಲ್ಲಿ ಇಂಥದ್ದಿಲ್ಲವೇ ಎನ್ನುವವರು ತ್ರಿವೇಣಿಯವರ ‘ಶರಪಂಜರ’ ತೆಗೆಯಿರಿ. ಸಿನಿಮಾ ಅಲ್ಲ, ಪುಸ್ತಕ. ಮಹಡಿಯ ಹುಚ್ಚಿಯ ಕಡೆಯಿಂದ ಜೇನ್ ಐರ್ ಕಥೆಯನ್ನು ಜೀನ್ ರೀಸ್ ಬರೆದದ್ದು 1966ರಲ್ಲಿ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅಷ್ಟು ಹೊತ್ತಿಗಾಗಲೇ ಅವರ ನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದು, ಮನೆಯವರ ಕಣ್ಣಿನಲ್ಲಿ ಗುಣವಾಗದೆ ಉಳಿದಿದ್ದಳು. ಬೀಗ ಹಾಕಿದ ಕೋಣೆ ಬೇಕಾಗಲಿಲ್ಲ.

ಮುಂದಿನ ತಿಂಗಳು ಬಳಗದಲ್ಲಿ ಜೇನ್ ಐರ್. ಸಿನಿಮಾ ನೋಡಿ ಬರುವವರು ಕಾಫಿ ಹೊತ್ತಿಗೆ ಬನ್ನಿ. ಓದಿ ಬರುವವರು ಪೆನ್ಸಿಲ್ ತನ್ನಿ, ದುಡ್ಡಿನ ಮಾತು ಬಂದಲ್ಲೆಲ್ಲ ಗೀಟು ಹಾಕಿಕೊಂಡಿರಿ. ನನ್ನ ಪ್ರತಿಯನ್ನು ಯಾರೂ ಕೇಳಬೇಡಿ, ಕೊಡುವುದಿಲ್ಲ.